ಜಗಲಿಯಲ್ಲಿ ಎಂಜಿನ್‌ಎಕ್ಸ್, ಒಳಮನೆಯಲ್ಲಿ ಆ್ಯಪ್: ರಿವರ್ಸ್ ಪ್ರಾಕ್ಸಿ ಹಿಂದೆ ವೆಬ್ ಆ್ಯಪ್ ನಡೆಸುವ ಬಗೆ

ನಮ್ಮ ಕಡೆ ಕೊನೆಕೊಯ್ಲು ಶುರುವಾಯಿತೆಂದರೆ ಎಲ್ಲರಿಗೂ ಒಂದೇ ಚಿಂತೆ. ಕೊನೆಗೌಡರು ನಮ್ಮ ತೋಟಕ್ಕೆ ಯಾವತ್ತು ಬರುತ್ತಾರೆ? ಮರ ಹತ್ತಿ ಅಡಿಕೆ ಕೊನೆ ಇಳಿಸುವವರು ಈಗ ಬೆರಳೆಣಿಕೆಯಷ್ಟು ಜನ. ಶಿರಸಿ ಪೇಟೆಯಿಂದ ಒಳಗೆ ಹೋದರೆ ಪ್ರತಿ ಊರಲ್ಲೂ ಇದೇ ಕತೆ. ನಮ್ಮ ಸುತ್ತಿನ ಮನೆಗಳವರು ಇದಕ್ಕೊಂದು ಪಾಳಿ ಪಟ್ಟಿ ಇಟ್ಟುಕೊಂಡಿದ್ದರು, ಹಳೇ ನೋಟ್‌ಬುಕ್ಕಿನಲ್ಲಿ. ನಾನು ಅದನ್ನೇ ಒಂದು ಸಣ್ಣ ವೆಬ್ ಆ್ಯಪ್ ಮಾಡಿದೆ, ಜಾಂಗೋ ಎಂಬ ಪೈಥಾನ್ ಚೌಕಟ್ಟು ಬಳಸಿ. ಮೂರು ಭಾನುವಾರದ ಕೆಲಸ. ಅದನ್ನು ಊರವರ ಫೋನಿಗೆ ಸರಿಯಾಗಿ ತಲುಪಿಸುವುದಕ್ಕೆ ಮಾತ್ರ ಅದಕ್ಕಿಂತ ಜಾಸ್ತಿ ದಿನ ಬೇಕಾಯಿತು. ಆ ದಿನಗಳಲ್ಲಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಎಲ್ಲ ಹೆಸರುಗಳನ್ನೂ ಕನ್ನಡದಲ್ಲೇ ಬರೆದಿದ್ದೇನೆ. ನೀವು ಫೈಲಿನಲ್ಲಿ ಬರೆಯುವಾಗ ಇಂಗ್ಲಿಷ್ ಅಕ್ಷರ ಬೇಕು. ಎಂಜಿನ್‌ಎಕ್ಸ್ ಎಂದರೆ ಆ್ಯಪ್‌ನ ಮುಂದೆ ನಿಲ್ಲುವ ವೆಬ್ ಸರ್ವರ್ ತಂತ್ರಾಂಶ. ಅದರ ಆಜ್ಞೆಗಳೆಲ್ಲ ಸಣ್ಣಕ್ಷರದಲ್ಲಿರುತ್ತವೆ, ಪದಗಳ ನಡುವೆ ಅಂಡರ್‌ಸ್ಕೋರ್ ಇರುತ್ತದೆ, ಆವರಣ ತೆರೆಯುವ ಸಾಲು ಬಿಟ್ಟರೆ ಮಿಕ್ಕ ಆಜ್ಞೆಗಳ ಕೊನೆಗೆ ಸೆಮಿಕೋಲನ್ ಬೇಕೇ ಬೇಕು. ಹೆಡರ್‌ಗಳ (ಬೇಡಿಕೆಯ ಜೊತೆ ಹೋಗುವ ಟಿಪ್ಪಣಿ ಸಾಲುಗಳು) ಹೆಸರಿನಲ್ಲಿ ಅಂಡರ್‌ಸ್ಕೋರ್ ಅಲ್ಲ, ಹೈಫನ್.

ಜಗಲಿ ಯಾಕೆ ಬೇಕು

ನಮ್ಮ ಹಳೇ ಮನೆಗಳಲ್ಲಿ ಬಂದವರು ಯಾರೇ ಇರಲಿ, ಸೀದಾ ಅಡುಗೆಮನೆಗೆ ನುಗ್ಗುವುದಿಲ್ಲ. ಜಗಲಿಯಲ್ಲಿ ಕೂರುತ್ತಾರೆ. ಅಲ್ಲಿ ಕವಳದ ತಬಕು ಇರುತ್ತದೆ, ಮಾತಾಡಿಸಲು ಒಬ್ಬ ಇರುತ್ತಾನೆ. ಚಹಾ ಬೇಕೆಂದರೆ ಅವನೇ ಒಳಗೆ ಹೋಗಿ ಹೇಳಿ, ತಂದು ಕೊಡುತ್ತಾನೆ. ಬಂದವರಿಗೆ ಅಡುಗೆಮನೆ ಎಲ್ಲಿದೆ ಅಂತಲೂ ಗೊತ್ತಾಗುವುದಿಲ್ಲ. ರಿವರ್ಸ್ ಪ್ರಾಕ್ಸಿ ಅಂದರೆ ಇಷ್ಟೇ. ಹೊರಗಿನ ಬ್ರೌಸರ್ ಮಾತಾಡುವುದು ಪ್ರಾಕ್ಸಿಯ ಜೊತೆ. ಪ್ರಾಕ್ಸಿ ಒಳಗಿನ ಆ್ಯಪ್‌ಗೆ ಕೇಳಿ, ಉತ್ತರ ತಂದು ಕೊಡುತ್ತದೆ.

ಸುಮ್ನೆ ಯಾಕೆ ಇಷ್ಟು ಸುತ್ತು, ಆ್ಯಪ್ಪೇ ನೇರವಾಗಿ ಉತ್ತರ ಕೊಡಬಹುದಲ್ಲ ಅಂತ ನನಗೂ ಅನಿಸಿತ್ತು. ಉತ್ತರ ಸಿಕ್ಕಿದ್ದು ನಮ್ಮ ನೆಟ್‌ವರ್ಕ್‌ನಿಂದ. ಜಾಂಗೋ ಆ್ಯಪ್ ಓಡಿಸುವುದಕ್ಕೆ ನಾನು ಬಳಸುವುದು ಗ್ಯೂನಿಕಾರ್ನ್. ಅದರ ಮಾಮೂಲಿ ವರ್ಕರ್ (ಬೇಡಿಕೆ ನೋಡಿಕೊಳ್ಳುವ ಆ್ಯಪ್‌ನ ಒಂದು ಪ್ರತಿ) ಒಂದು ಸಲಕ್ಕೆ ಒಬ್ಬರಿಗೆ ಮಾತ್ರ ಉತ್ತರ ಕೊಡುತ್ತದೆ. ನನ್ನ ಸರ್ವರ್‌ನಲ್ಲಿ ಮೂರು ವರ್ಕರ್ ಇವೆ. ಈಗ ನೋಡಿ, ಒಬ್ಬರು ತೋಟದ ಅಂಚಿನಲ್ಲಿ ನಿಂತಿದ್ದಾರೆ, ಫೋನಿನಲ್ಲಿ ಒಂದೇ ಕಡ್ಡಿ ಸಿಗ್ನಲ್. ಇನ್ನೊಬ್ಬರು ದೇವಿಮನೆ ಘಟ್ಟ ಇಳಿಯುವ ಬಸ್ಸಿನಲ್ಲಿದ್ದಾರೆ. ಮತ್ತೊಬ್ಬರು ಲೆಕ್ಕದ ಚೀಟಿಯ ಫೋಟೋ ಏರಿಸುತ್ತಿದ್ದಾರೆ, ಅದು ಇರುವೆ ನಡೆದಂತೆ ಹೋಗುತ್ತಿದೆ. ಮೂರು ಜನರಿಗೆ ಮೂರು ವರ್ಕರ್ ಸಿಕ್ಕಿಹಾಕಿಕೊಂಡವು. ಶಿರಸಿ ಪೇಟೆಯಲ್ಲಿ ಒಳ್ಳೇ ಫೈಬರ್ ಇಟ್ಟುಕೊಂಡು ಕೂತವನಿಗೂ ಪುಟ ತೆರೆಯುವುದಿಲ್ಲ.

ನಡುವೆ ಎಂಜಿನ್‌ಎಕ್ಸ್ ಇದ್ದರೆ ಅದು ಇಡೀ ಫೋಟೋ ಬಂದು ಸೇರುವವರೆಗೂ ತಾನೇ ಹಿಡಿದುಕೊಂಡು, ಆಮೇಲೆ ಒಂದೇ ಏಟಿಗೆ ಆ್ಯಪ್‌ಗೆ ಕೊಡುತ್ತದೆ. ಉತ್ತರವನ್ನೂ ಹಾಗೇ ಬೇಗ ಇಸಿದುಕೊಂಡು, ನಿಧಾನ ಫೋನಿಗೆ ನಿಧಾನವಾಗಿ ಹರಿಸುತ್ತದೆ. ವರ್ಕರ್ ಅಷ್ಟರಲ್ಲಿ ಬಿಡುವಾಗಿ ಮುಂದಿನವರನ್ನು ನೋಡುತ್ತದೆ. ಸಾವಿರಾರು ನಿಧಾನದ ಸಂಪರ್ಕಗಳನ್ನು ಒಟ್ಟಿಗೆ ಹಿಡಿದಿಡುವುದು ಎಂಜಿನ್‌ಎಕ್ಸ್‌ಗೆ ದೊಡ್ಡದಲ್ಲ. ಇಗೋರ್ ಸಿಸೋಯೆವ್ ಅದನ್ನು ಬರೆದದ್ದೇ ಅದಕ್ಕೆ, 2004ರಲ್ಲಿ ಹೊರಗೆ ಬಿಟ್ಟರು. ಎಚ್‌ಟಿಟಿಪಿಎಸ್ ಬೀಗ ಒಂದೇ ಕಡೆ ಇರುತ್ತದೆ, ಒಂದೇ ಸರ್ವರ್‌ನಲ್ಲಿ ನಾಲ್ಕು ಆ್ಯಪ್ ಇಡಬಹುದು ಎಂಬ ಲಾಭಗಳೂ ಇವೆ. ನನಗೆ ಮಾತ್ರ ಘಟ್ಟದ ಸಿಗ್ನಲ್ಲೇ ಸಾಕಾಯಿತು.

ಮೊದಲು ಹಿತ್ತಿಲ ಬಾಗಿಲು ಹಾಕಿ

ಎಲ್ಲರೂ ಎಂಜಿನ್‌ಎಕ್ಸ್‌ನಿಂದ ಶುರು ಮಾಡುತ್ತಾರೆ. ನಾನು ಹೇಳುವುದು, ಆ್ಯಪ್‌ನಿಂದ ಶುರು ಮಾಡಿ.

ಆ್ಯಪ್ ಯಾವ ವಿಳಾಸದಲ್ಲಿ ಕಿವಿಗೊಟ್ಟು ಕೂತಿದೆ ನೋಡಿ. 0.0.0.0 ಎಂದಿದ್ದರೆ ಅದು ಇಡೀ ಜಗತ್ತಿಗೆ ಓಗೊಡುತ್ತದೆ. 127.0.0.1 ಎಂದಿದ್ದರೆ ಅದೇ ಯಂತ್ರದ ಒಳಗಿನಿಂದ ಕರೆದವರಿಗೆ ಮಾತ್ರ. ನಮಗೆ ಬೇಕಾದದ್ದು ಎರಡನೆಯದು. ಗ್ಯೂನಿಕಾರ್ನ್ ತಾನಾಗಿಯೇ 127.0.0.1ರ 8000ನೇ ಪೋರ್ಟ್ (ಯಂತ್ರದ ಬಾಗಿಲಿನ ಸಂಖ್ಯೆ ಅನ್ನಿ) ಹಿಡಿಯುತ್ತದೆ. ಬೇರೆ ಆ್ಯಪ್ ಸರ್ವರ್‌ಗಳೆಲ್ಲ ಹಾಗಲ್ಲ, ನೀವೇ ಹೇಳಬೇಕಾಗಬಹುದು.

ನಂತರ ಸರ್ವರ್‌ನ ಒಳಗಿಂದಲೇ ಕರ್ಲ್ ಎಂಬ ಆಜ್ಞೆ ಬಳಸಿ 127.0.0.1:8000 ಕೇಳಿ ನೋಡಿ. ಏನೋ ಒಂದು ಉತ್ತರ ಬರಬೇಕು. ಆಮೇಲೆ ನಿಮ್ಮ ಫೋನಿನ ವೈಫೈ ಆರಿಸಿ, ಮೊಬೈಲ್ ಡೇಟಾದಲ್ಲಿ ಸರ್ವರ್‌ನ ಹೊರಗಿನ ವಿಳಾಸ ಮತ್ತು 8000 ಹಾಕಿ ತೆರೆಯಿರಿ. ಉತ್ತರ ಬರಬಾರದು. ಬಂದರೆ ಜಗಲಿಯಲ್ಲಿ ಎಷ್ಟೇ ಶಿಸ್ತು ಮಾಡಿದರೂ ಹಿತ್ತಿಲಿಂದ ಜನ ಒಳಗೆ ಬರುತ್ತಾರೆ ಅಂತ ಅರ್ಥ. ಈ ಪರೀಕ್ಷೆ ಬಿಡಬೇಡಿ.

ಉಬುಂಟು ಇದ್ದರೆ ಯುಎಫ್‌ಡಬ್ಲ್ಯೂ ಫೈರ್‌ವಾಲ್‌ನಲ್ಲಿ 22, 80, 443 ಇಷ್ಟನ್ನೇ ತೆರೆದಿಡಿ. 22 ಎಂದರೆ ನೀವು ದೂರದಿಂದ ಸರ್ವರ್ ಒಳಗೆ ಹೋಗುವ ಬಾಗಿಲು, ಅದನ್ನು ತೆರೆಯುವ ಮೊದಲೇ ಫೈರ್‌ವಾಲ್ ಹಚ್ಚಿದರೆ ನಿಮ್ಮನ್ನೇ ಹೊರಗೆ ಹಾಕಿಕೊಳ್ಳುತ್ತೀರಿ, ನೆನಪಿರಲಿ. ಆ್ಯಪನ್ನು ಕಂಟೇನರ್ ಎಂಬ ಪೆಟ್ಟಿಗೆಯಲ್ಲಿಟ್ಟು ಓಡಿಸುವ ಡಾಕರ್ ಬಳಸುವವರಿಗೆ ಇನ್ನೊಂದು ಗುಂಡಿ ಇದೆ. ಕಂಟೇನರ್‌ನ ಪೋರ್ಟನ್ನು 8000:8000 ಎಂದು ತೆರೆದರೆ ಡಾಕರ್ ತನ್ನದೇ ನಿಯಮ ಬರೆದುಕೊಳ್ಳುತ್ತದೆ, ಯುಎಫ್‌ಡಬ್ಲ್ಯೂ ಮಾತು ಕೇಳುವುದಿಲ್ಲ. ಫೈರ್‌ವಾಲ್ ಮುಚ್ಚಿದೆ ಅಂತ ತೋರಿಸುತ್ತಿರುತ್ತದೆ, ಪೋರ್ಟ್ ತೆರೆದೇ ಇರುತ್ತದೆ. 127.0.0.1:8000:8000 ಎಂದು ಬರೆಯಿರಿ.

ಸರ್ವರ್ ಮನೆಯಲ್ಲೇ ಇಡಬಹುದಾ ಅಂತ ಕೆಲವರು ಕೇಳುತ್ತಾರೆ. ಮಳೆಗಾಲದಲ್ಲಿ ನಮ್ಮ ಕಡೆ ಮರ ಬಿದ್ದು ಕರೆಂಟ್ ಎಷ್ಟು ದಿನ ಹೋಗುತ್ತದೆ ಗೊತ್ತಲ್ವಾ? ಮೇಲಾಗಿ ಎಷ್ಟೋ ಮನೆ ಸಂಪರ್ಕಗಳಿಗೆ ಸ್ವಂತ ಸಾರ್ವಜನಿಕ ಐಪಿ ಇರುವುದಿಲ್ಲ, ಹಲವು ಮನೆಗಳು ಒಂದೇ ವಿಳಾಸ ಹಂಚಿಕೊಂಡಿರುತ್ತವೆ. ಹೊರಗಿನವರು ನಿಮ್ಮ ಮನೆಯನ್ನು ಹುಡುಕಲಾರರು. ಒಂದು ಸಣ್ಣ ಬಾಡಿಗೆ ಸರ್ವರ್ ತೆಗೆದುಕೊಳ್ಳಿ.

ಆ್ಯಪ್ ತಾನಾಗಿ ಏಳುವಂತೆ ಮಾಡಿ

ಇದಕ್ಕೆ ಲಿನಕ್ಸ್‌ನಲ್ಲಿ ಪ್ರೋಗ್ರಾಂಗಳನ್ನು ಎಬ್ಬಿಸಿ ನೋಡಿಕೊಳ್ಳುವ ಸಿಸ್ಟಮ್‌ಡಿ ಸಾಕು. ಒಂದು ಸರ್ವಿಸ್ ಫೈಲ್ ಬರೆದು, ಯಾವ ಬಳಕೆದಾರನ ಹೆಸರಿನಲ್ಲಿ ಓಡಬೇಕು, ಯಾವ ಫೋಲ್ಡರ್, ಯಾವ ಆಜ್ಞೆ ಎಂದು ಹೇಳಿ. ರೂಟ್ ಹೆಸರಿನಲ್ಲಿ ಓಡಿಸಬೇಡಿ. ರೀಸ್ಟಾರ್ಟ್ ಎಂಬಲ್ಲಿ ಆಲ್ವೇಸ್ ಎಂದು ಹಾಕಿ. ಎನೇಬಲ್ ಮಾಡಿ. ಒಮ್ಮೆ ಸರ್ವರ್ ರೀಬೂಟ್ ಮಾಡಿ, ನೀವು ಏನೂ ಮುಟ್ಟದೆ ಆ್ಯಪ್ ಎದ್ದಿತೇ ನೋಡಿ. ಈ ರೀಬೂಟ್ ಇವತ್ತೇ ಮಾಡಿ, ಕೊಯ್ಲಿನ ನಡುವೆ ಅಲ್ಲ.

ಎಂಜಿನ್‌ಎಕ್ಸ್ ಕೂರಿಸುವುದು

ಉಬುಂಟುವಿನಲ್ಲಿ ಆಪ್ಟ್ ಬಳಸಿ ಹಾಕಿಕೊಳ್ಳಿ. ಇಟಿಸಿ ಫೋಲ್ಡರಿನಲ್ಲಿ ಎಂಜಿನ್‌ಎಕ್ಸ್ ಎಂಬ ಫೋಲ್ಡರ್ ಬರುತ್ತದೆ. ಅದರೊಳಗೆ ಸೈಟ್ಸ್ ಅವೈಲೇಬಲ್, ಸೈಟ್ಸ್ ಎನೇಬಲ್ಡ್ ಎಂಬ ಎರಡು ಫೋಲ್ಡರ್ ಇವೆ (ಇಲ್ಲೂ ಪದಗಳ ನಡುವೆ ಹೈಫನ್). ಮೊದಲನೆಯದರಲ್ಲಿ ಫೈಲ್ ಬರೆದು, ಎರಡನೆಯದರಲ್ಲಿ ಅದಕ್ಕೊಂದು ಸಿಮ್‌ಲಿಂಕ್ (ಆ ಫೈಲಿನತ್ತ ಬೆರಳು ತೋರಿಸುವ ಕೊಂಡಿ) ಹಾಕಬೇಕು. ಜೊತೆಗೆ ಬಂದ ಡೀಫಾಲ್ಟ್ ಎಂಬ ಲಿಂಕ್ ತೆಗೆದುಹಾಕಿ.

ಫೈಲಿನಲ್ಲಿ ಒಂದು ಸರ್ವರ್ ಬ್ಲಾಕ್. ಅದರಲ್ಲಿ ಲಿಸನ್ 80, ಸರ್ವರ್ ನೇಮ್ ಎಂದು ನಿಮ್ಮ ಡೊಮೇನ್ ಹೆಸರು, ಮತ್ತು / ದಾರಿಗೆ ಒಂದು ಲೊಕೇಶನ್ ಬ್ಲಾಕ್. ಆ ಲೊಕೇಶನ್ ಒಳಗೆ ಪ್ರಾಕ್ಸಿ ಪಾಸ್ ಎಂದು ಬರೆದು 127.0.0.1:8000ರ ಎಚ್‌ಟಿಟಿಪಿ ವಿಳಾಸ ಕೊಟ್ಟರೆ ಮುಗಿಯಿತು. ಎಂಜಿನ್‌ಎಕ್ಸ್ ಎಂದು ಬರೆದು ಮುಂದೆ ಹೈಫನ್ ಟಿ ಹಾಕಿದರೆ ಅದು ಫೈಲ್ ಓದಿ ತಪ್ಪಿದ್ದರೆ ಹೇಳುತ್ತದೆ. ಸರಿ ಅಂದಮೇಲೆ ರೀಲೋಡ್ ಮಾಡಿ. ರೀಲೋಡ್ ಮಾಡಿದರೆ ನಡೆಯುತ್ತಿರುವ ಸಂಪರ್ಕಗಳು ಕಡಿಯುವುದಿಲ್ಲ, ಅದಕ್ಕೇ ರೀಸ್ಟಾರ್ಟ್‌ಗಿಂತ ಇದು ಒಳ್ಳೆಯದು.

ಪ್ರಾಕ್ಸಿ ಪಾಸ್‌ನ ಕೊನೆಯ ಗೀಟು ಒಂದು ಸಂಜೆ ನನ್ನನ್ನು ಆಟ ಆಡಿಸಿತು. ನಿಮ್ಮ ಆ್ಯಪ್ /ಪಾಳಿ/ ಎಂಬ ದಾರಿಯ ಕೆಳಗಿದೆ ಅಂದುಕೊಳ್ಳಿ. ಪ್ರಾಕ್ಸಿ ಪಾಸ್ ವಿಳಾಸದ ಕೊನೆಗೆ / ಇದ್ದರೆ ಎಂಜಿನ್‌ಎಕ್ಸ್ /ಪಾಳಿ/ ಎಂಬುದನ್ನು ಕತ್ತರಿಸಿ, ಉಳಿದದ್ದನ್ನು ಮಾತ್ರ ಒಳಗೆ ಕಳಿಸುತ್ತದೆ. ಆ ಗೀಟು ಇಲ್ಲದಿದ್ದರೆ ಇಡೀ ದಾರಿಯನ್ನು ಹಾಗೇ ಕಳಿಸುತ್ತದೆ. ಒಂದು ಗೀಟಿಗೆ ಪುಟ ಸಿಗುವುದೋ 404 ಬರುವುದೋ ತೀರ್ಮಾನವಾಗುತ್ತದೆ. ಆದಷ್ಟು ಆ್ಯಪ್‌ಗೆ ಒಂದು ಸಬ್‌ಡೊಮೇನ್ ಕೊಟ್ಟುಬಿಡಿ, ಈ ತಲೆನೋವೇ ಬೇಡ.

ಒಳಗೆ ಹೇಳುವ ಮಾತು ಸರಿ ಇರಲಿ

ಇಲ್ಲಿಗೆ ಪುಟ ತೆರೆಯುತ್ತದೆ. ಹೆಚ್ಚಿನವರು ಇಲ್ಲಿಗೇ ನಿಲ್ಲಿಸುತ್ತಾರೆ, ನಾನೂ ನಿಲ್ಲಿಸಿದ್ದೆ.

ಜಗಲಿಯಲ್ಲಿ ಇಪ್ಪತ್ತು ಜನ ಬಂದು ಹೋದರು ಅಂದುಕೊಳ್ಳಿ. ಪ್ರತಿ ಸಲವೂ ಮಗ ಒಳಗೆ ಹೋಗಿ "ಅಮ್ಮಾ, ಒಂದು ಚಹಾ" ಅಂದ. ಯಾರಿಗೆ ಅಂತ ಹೇಳಲಿಲ್ಲ. ಅಮ್ಮನ ಲೆಕ್ಕದಲ್ಲಿ ಇವತ್ತು ಮಗನೇ ಇಪ್ಪತ್ತು ಚಹಾ ಕುಡಿದ! ಆ್ಯಪ್‌ಗೂ ಹಾಗೇ. ಅದಕ್ಕೆ ಕಾಣುವುದು ಎಂಜಿನ್‌ಎಕ್ಸ್ ಮಾತ್ರ. ಎಲ್ಲ ಬೇಡಿಕೆಯೂ 127.0.0.1ರಿಂದ ಬಂದಂತೆ ಕಾಣುತ್ತದೆ.

ನನ್ನ ಆ್ಯಪ್‌ನಲ್ಲಿ ಒಂದು ಕಾವಲು ಇಟ್ಟಿದ್ದೆ. ಒಂದೇ ಐಪಿಯಿಂದ ಐದು ಸಲ ತಪ್ಪು ಪಾಸ್‌ವರ್ಡ್ ಬಂದರೆ ಒಂದು ಗಂಟೆ ಆ ಐಪಿಗೆ ಪ್ರವೇಶವಿಲ್ಲ. ಒಳ್ಳೇ ಕಾವಲೇ. ಕೊಯ್ಲಿನ ಮೊದಲ ವಾರ, ಯಾರೋ ಒಬ್ಬ ಅಜ್ಜ ಐದು ಸಲ ತಪ್ಪು ಒತ್ತಿದರು. ಆ್ಯಪ್ 127.0.0.1ಕ್ಕೆ ಬಾಗಿಲು ಹಾಕಿತು. ಅಂದರೆ ಊರಿಗೆಲ್ಲ. ಪಕ್ಕದ ಮನೆಯ ಭಾವ ಫೋನ್ ಮಾಡಿದರು: "ತಮಾ, ನಿನ್ನ ಆ್ಯಪು ಬಾಗ್ಲು ಹಾಕ್ಯಂಡು ಕೂತಿದ್ದಲಾ!" ಆ ಗಂಟೆಯಲ್ಲಿ ಪಾಳಿ ಮತ್ತೆ ನೋಟ್‌ಬುಕ್ಕಿಗೆ ಹೋಯಿತು.

ಹಾಗಾಗಿ ಪ್ರಾಕ್ಸಿ ಪಾಸ್ ಜೊತೆಗೆ ಪ್ರಾಕ್ಸಿ ಸೆಟ್ ಹೆಡರ್ ಎಂಬ ಸಾಲುಗಳು ಬೇಕೇ ಬೇಕು. ಹೋಸ್ಟ್ ಹೆಡರ್‌ಗೆ ಡಾಲರ್ ಗುರುತಿನ ಜೊತೆ ಹೋಸ್ಟ್ ಎಂಬ ಬೆಲೆ ಕೊಡಿ. ಇದಿಲ್ಲದಿದ್ದರೆ ಎಂಜಿನ್‌ಎಕ್ಸ್ ನಿಮ್ಮ ಡೊಮೇನ್ ಬದಲು 127.0.0.1:8000 ಎಂದೇ ಒಳಗೆ ಹೇಳುತ್ತದೆ. ಜಾಂಗೋದ ಅಲೌಡ್ ಹೋಸ್ಟ್ಸ್ ಪಟ್ಟಿಯಲ್ಲಿ ಆ ಹೆಸರು ಇಲ್ಲದಿದ್ದರೆ 400 ಎಂದು ತಿರಸ್ಕರಿಸುತ್ತದೆ. ಎಕ್ಸ್ ಫಾರ್ವರ್ಡೆಡ್ ಪ್ರೋಟೋ ಹೆಡರ್‌ಗೆ ಡಾಲರ್ ಸ್ಕೀಮ್ ಕೊಡಿ. ಬಂದವರು ಎಚ್‌ಟಿಟಿಪಿಎಸ್‌ನಲ್ಲಿ ಬಂದರೋ ಬರೀ ಎಚ್‌ಟಿಟಿಪಿಯಲ್ಲೋ ಎಂದು ಇದು ಒಳಗೆ ತಿಳಿಸುತ್ತದೆ. ಎಕ್ಸ್ ಫಾರ್ವರ್ಡೆಡ್ ಫಾರ್ ಹೆಡರ್‌ನಲ್ಲಿ ಬಂದವರ ನಿಜವಾದ ಐಪಿ ಹೋಗುತ್ತದೆ.

ಈ ಕೊನೆಯದರ ಬಗ್ಗೆ ಸ್ವಲ್ಪ ನಿಲ್ಲೋಣ. ಈ ಹೆಡರನ್ನು ಬಂದವರೂ ಬರೆದುಕೊಂಡು ಬರಬಹುದು. ಬನವಾಸಿಯವನೊಬ್ಬ "ನಾನು ಯಲ್ಲಾಪುರದವ" ಎಂದು ಚೀಟಿ ಬರೆದು ಕೈಯಲ್ಲಿ ಹಿಡಿದು ಬಂದಂತೆ. ಎಷ್ಟೋ ಮಾದರಿ ಫೈಲುಗಳಲ್ಲಿ ಪ್ರಾಕ್ಸಿ ಆ್ಯಡ್ ಎಕ್ಸ್ ಫಾರ್ವರ್ಡೆಡ್ ಫಾರ್ ಎಂಬ ಬೆಲೆ ಕೊಟ್ಟಿರುತ್ತಾರೆ. ಅದು ಆ ಚೀಟಿಯನ್ನು ಹರಿದು ಹಾಕುವುದಿಲ್ಲ, ಅದರ ಕೊನೆಗೆ ನಿಜವಾದ ಐಪಿಯನ್ನು ಸೇರಿಸುತ್ತದೆ ಅಷ್ಟೇ. ಆ್ಯಪ್ ಮೊದಲನೆಯದನ್ನು ಓದಿದರೆ ಮೋಸ ಹೋಯಿತು. ನಂಬಬೇಕಾದದ್ದು ಕೊನೆಯದನ್ನು, ಅದು ಮಾತ್ರ ನಮ್ಮ ಜಗಲಿಯವ ಬರೆದದ್ದು. ನಿಮ್ಮ ಮುಂದೆ ಒಂದೇ ಪ್ರಾಕ್ಸಿ ಇದ್ದರೆ ಇನ್ನೂ ಸುಲಭ ದಾರಿ ಇದೆ. ಬೆಲೆಯಾಗಿ ಡಾಲರ್ ರಿಮೋಟ್ ಆಡ್ರ್ ಕೊಟ್ಟುಬಿಡಿ. ಬಂದ ಚೀಟಿ ಕಸಕ್ಕೆ, ನಿಜವಾದ ಐಪಿ ಮಾತ್ರ ಒಳಕ್ಕೆ. ನಾನು ಹಾಗೇ ಇಟ್ಟಿದ್ದೇನೆ.

ಹೆಡರ್ ಕಳಿಸಿದರೆ ಸಾಲದು, ಆ್ಯಪ್ ಅದನ್ನು ಓದಲು ಒಪ್ಪಬೇಕು. ಜಾಂಗೋದಂಥದೇ ಇನ್ನೊಂದು ಚೌಕಟ್ಟು ಫ್ಲಾಸ್ಕ್‌ನಲ್ಲಿ ಪ್ರಾಕ್ಸಿಫಿಕ್ಸ್ ಇದೆ, ಎಷ್ಟು ಪ್ರಾಕ್ಸಿ ಎಂದರೆ 1 ಎನ್ನಿ. ಜಾವಾಸ್ಕ್ರಿಪ್ಟ್‌ನ ಎಕ್ಸ್‌ಪ್ರೆಸ್‌ನಲ್ಲಿ ಟ್ರಸ್ಟ್ ಪ್ರಾಕ್ಸಿ ಇದೆ, ಅಲ್ಲೂ ಟ್ರೂ ಎನ್ನುವ ಬದಲು 1 ಎಂದೇ ಹಾಕಿ. ಟ್ರೂ ಎಂದರೆ ಯಾರ ಚೀಟಿಯನ್ನಾದರೂ ನಂಬುತ್ತೇನೆ ಎಂದ ಹಾಗೆ. ಜಾಂಗೋದಲ್ಲಿ ಎಚ್‌ಟಿಟಿಪಿಎಸ್ ವಿಷಯಕ್ಕೆ ಸೆಕ್ಯೂರ್ ಪ್ರಾಕ್ಸಿ ಎಸ್‌ಎಸ್‌ಎಲ್ ಹೆಡರ್ ಎಂಬ ಸೆಟ್ಟಿಂಗ್ ಇದೆ. ಐಪಿಯನ್ನು ಅದು ತಾನಾಗಿ ಬದಲಿಸುವುದಿಲ್ಲ, ಲಾಗಿನ್ ಕಾವಲು ಯಾವ ಹೆಡರ್ ನೋಡಬೇಕೆಂದು ನೀವೇ ಹೇಳಬೇಕು. ಹಿತ್ತಿಲ ಬಾಗಿಲು ತೆರೆದಿದ್ದರೆ ಈ ನಂಬಿಕೆಯೇ ಅಪಾಯ, ಯಾರು ಬೇಕಾದರೂ ಸೀದಾ ಬಂದು ಸುಳ್ಳು ಹೆಡರ್ ಕೊಡಬಹುದು. ಅದಕ್ಕೇ ಆ 8000ದ ಪರೀಕ್ಷೆ ಮೊದಲು ಮಾಡಿಸಿದ್ದು.

ಇನ್ನೊಂದು ಗುಟ್ಟು. ಸರ್ವರ್ ಬ್ಲಾಕ್‌ನಲ್ಲಿ ನಾಲ್ಕು ಹೆಡರ್ ಬರೆದಿಟ್ಟು, ಒಂದು ಲೊಕೇಶನ್ ಒಳಗೆ ಹೊಸದಾಗಿ ಒಂದೇ ಒಂದು ಪ್ರಾಕ್ಸಿ ಸೆಟ್ ಹೆಡರ್ ಬರೆದಿರಿ ಅನ್ನಿ. ಮೇಲಿನ ನಾಲ್ಕೂ ಆ ಲೊಕೇಶನ್‌ಗೆ ಸಿಗುವುದಿಲ್ಲ! ಎಂಜಿನ್‌ಎಕ್ಸ್ ಹೇಳದೆ ಕೇಳದೆ ಬಿಟ್ಟುಬಿಡುತ್ತದೆ, ಹೈಫನ್ ಟಿ ಕೂಡ ಸರಿಯಿದೆ ಎನ್ನುತ್ತದೆ. ಎಲ್ಲ ಸಾಲನ್ನೂ ಬೇರೆ ಫೈಲಿನಲ್ಲಿಟ್ಟು ಪ್ರತಿ ಲೊಕೇಶನ್‌ನಲ್ಲೂ ಇನ್‌ಕ್ಲೂಡ್ ಮಾಡುವುದು ಕ್ಷೇಮ.

ಬೀಗ ಹಾಕುವುದು

ಡೊಮೇನ್‌ನ ಎ ರೆಕಾರ್ಡ್ (ಹೆಸರಿಗೆ ಐಪಿ ಹೊಂದಿಸುವ ಡಿಎನ್‌ಎಸ್ ನಮೂದು) ನಿಮ್ಮ ಸರ್ವರ್‌ನ ಐಪಿಯನ್ನು ತೋರಿಸುತ್ತಿರಬೇಕು, 80 ತೆರೆದಿರಬೇಕು. ಎಚ್‌ಟಿಟಿಪಿಎಸ್ ಪ್ರಮಾಣಪತ್ರ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ನಿಮ್ಮನ್ನು ಪರೀಕ್ಷಿಸುವುದು ಆ ಬಾಗಿಲಿನಿಂದಲೇ. ಸರ್ಟ್‌ಬಾಟ್ ಹಾಕಿಕೊಂಡು ಎಂಜಿನ್‌ಎಕ್ಸ್ ಆಯ್ಕೆಯಲ್ಲಿ ಓಡಿಸಿದರೆ ಅದೇ ಪ್ರಮಾಣಪತ್ರ ತಂದು ಫೈಲ್ ತಿದ್ದಿ ಕೊಡುತ್ತದೆ. ದುಡ್ಡು ಬೇಡ. ಪತ್ರದ ಆಯಸ್ಸು ಮಾಮೂಲಾಗಿ 90 ದಿನ, ನವೀಕರಣ ತಾನಾಗಿ ಆಗುತ್ತದೆ. ಆದರೂ ರಿನ್ಯೂ ಆಜ್ಞೆಯನ್ನು ಡ್ರೈ ರನ್ ಆಯ್ಕೆಯೊಂದಿಗೆ ಒಮ್ಮೆ ಓಡಿಸಿ ನೋಡಿ. ಡಿಎನ್‌ಎಸ್ ಸರಿಯಾಗುವ ಮೊದಲೇ ಹಟ ಹಿಡಿದು ಮತ್ತೆ ಮತ್ತೆ ಕೇಳಬೇಡಿ. ಒಂದು ಗಂಟೆಯಲ್ಲಿ ಒಂದೇ ಹೆಸರಿಗೆ ಐದು ಸಲ ಸೋತರೆ ಸ್ವಲ್ಪ ಹೊತ್ತು ಕಾಯಿಸುತ್ತಾರೆ.

ಬೀಗ ಹಾಕಿದ ಮೇಲೆ ಬರುವ ಕಾಯಿಲೆ ಒಂದಿದೆ. ಬ್ರೌಸರ್ "ತುಂಬಾ ಸಲ ತಿರುಗಿಸಲಾಗಿದೆ" ಎಂದು ಕೈಚೆಲ್ಲುತ್ತದೆ. ಕಾರಣ ಸರಳ. ಬಂದವರು ಎಚ್‌ಟಿಟಿಪಿಎಸ್‌ನಲ್ಲೇ ಬಂದಿದ್ದಾರೆ, ಆದರೆ ಎಂಜಿನ್‌ಎಕ್ಸ್ ಒಳಗೆ ಮಾತಾಡುವುದು ಬರೀ ಎಚ್‌ಟಿಟಿಪಿಯಲ್ಲಿ. ಪ್ರೋಟೋ ಹೆಡರ್ ಇಲ್ಲದಿದ್ದರೆ ಆ್ಯಪ್ "ಬೀಗದ ಬಾಗಿಲಿಂದ ಬಾ" ಎಂದು ವಾಪಸ್ ಕಳಿಸುತ್ತದೆ. ಅವರು ಮತ್ತೆ ಅದೇ ಬಾಗಿಲಿಂದ ಬರುತ್ತಾರೆ, ಮತ್ತೆ ವಾಪಸ್. ಜಾಂಗೋ 4.0 ಮತ್ತು ನಂತರದಲ್ಲಿ ಇದೇ ಕಾಯಿಲೆ ಬೇರೆ ವೇಷದಲ್ಲೂ ಬರುತ್ತದೆ. ಫಾರಂ ಕಳಿಸಿದರೆ ಸಿಎಸ್‌ಆರ್‌ಎಫ್ (ಬೇರೆ ಸೈಟಿನಿಂದ ಬರುವ ನಕಲಿ ಫಾರಂ ತಡೆಯುವ ಕಾವಲು) ಎಂದು 403. ಸಿಎಸ್‌ಆರ್‌ಎಫ್ ಟ್ರಸ್ಟೆಡ್ ಒರಿಜಿನ್ಸ್‌ಗೆ ಡೊಮೇನ್ ಸೇರಿಸಿದರೆ ಅದು ಅಡಗುತ್ತದೆ, ನಿಜ. ಆದರೂ ಮೊದಲು ಪ್ರೋಟೋ ಹೆಡರ್ ನೋಡಿ.

ಫೋಟೋ, ಕಾಯುವ ಸಮಯ

ಎಂಜಿನ್‌ಎಕ್ಸ್ ತಾನಾಗಿ 1 ಎಂಬಿಗಿಂತ ದೊಡ್ಡದನ್ನು ಒಳಗೆ ಬಿಡುವುದಿಲ್ಲ, 413 ಎನ್ನುತ್ತದೆ. ಈಗಿನ ಫೋನಿನ ಒಂದು ಫೋಟೋ ಸುಲಭವಾಗಿ 3–4 ಎಂಬಿ. ಕ್ಲೈಂಟ್ ಮ್ಯಾಕ್ಸ್ ಬಾಡಿ ಸೈಜ್ ಎಂಬುದನ್ನು ನಾನು 10 ಎಂಬಿ ಮಾಡಿದ್ದೇನೆ. 0 ಎಂದು ಹಾಕಿದರೆ ಮಿತಿಯೇ ಇರುವುದಿಲ್ಲ, ಹಾಗೆ ಮಾಡಬೇಡಿ.

ಆ್ಯಪ್‌ನ ಉತ್ತರಕ್ಕೆ ಎಂಜಿನ್‌ಎಕ್ಸ್ 60 ಸೆಕೆಂಡು ಕಾದು, ಬರದಿದ್ದರೆ 504 ಕೊಡುತ್ತದೆ. ಆದರೆ ಗ್ಯೂನಿಕಾರ್ನ್‌ನ ತಾಳ್ಮೆ 30 ಸೆಕೆಂಡು. ಅಷ್ಟರಲ್ಲಿ ಮುಗಿಯದ ವರ್ಕರ್ ಅನ್ನು ಅದೇ ಕೊಂದುಬಿಡುತ್ತದೆ, ಆಗ ಹೊರಗೆ ಕಾಣುವುದು 502. ಇಡೀ ವರ್ಷದ ಲೆಕ್ಕದ ಪಿಡಿಎಫ್ ಮಾಡುವಾಗ ನನಗೆ ಹೀಗಾಯಿತು. ಎಂಜಿನ್‌ಎಕ್ಸ್‌ನ ಸಮಯ ಹೆಚ್ಚಿಸುತ್ತಾ ಕೂತೆ, ಏನೂ ಬದಲಾಗಲಿಲ್ಲ. ಸರಿಯಾದ ಮದ್ದು, ಅಂಥ ಕೆಲಸವನ್ನು ಹಿನ್ನೆಲೆಯಲ್ಲಿ ಮಾಡಿ ಮುಗಿದ ಮೇಲೆ ಲಿಂಕ್ ಕೊಡುವುದು. ವೆಬ್‌ಸಾಕೆಟ್ ಬಳಸುವ ಆ್ಯಪ್ ಆದರೆ ಎಚ್‌ಟಿಟಿಪಿ 1.1 ಎಂದು ಹೇಳಿ, ಅಪ್‌ಗ್ರೇಡ್ ಮತ್ತು ಕನೆಕ್ಷನ್ ಹೆಡರ್‌ಗಳನ್ನೂ ಒಳಗೆ ಕಳಿಸಬೇಕು.

ಇಷ್ಟೆಲ್ಲ ಬೇಡ ಅನಿಸಿದರೆ ಕ್ಯಾಡಿ ಎಂಬ ಇನ್ನೊಂದು ವೆಬ್ ಸರ್ವರ್ ಇದೆ. ಡೊಮೇನ್ ಹೆಸರು, ರಿವರ್ಸ್ ಪ್ರಾಕ್ಸಿ ಎಂಬ ಒಂದು ಸಾಲು, ಮುಗಿಯಿತು. ಪ್ರಮಾಣಪತ್ರವನ್ನೂ ಅದೇ ತರುತ್ತದೆ, ಫಾರ್ವರ್ಡೆಡ್ ಹೆಡರ್‌ಗಳನ್ನೂ ಅದೇ ಹಾಕುತ್ತದೆ. ಹೊಸದಾಗಿ ಶುರು ಮಾಡುವವರಿಗೆ ನಾನು ಈಗ ಅದನ್ನೇ ಹೇಳುತ್ತೇನೆ. ಎಂಜಿನ್‌ಎಕ್ಸ್ ಬಗ್ಗೆ ಬರೆದದ್ದು ಯಾಕೆಂದರೆ ನಾಳೆ ಯಾರಾದರೂ ತಮ್ಮ ಹಳೇ ಸರ್ವರ್ ನಿಮ್ಮ ಕೈಗೆ ಕೊಟ್ಟರೆ ಅದರಲ್ಲಿ ಎಂಜಿನ್‌ಎಕ್ಸ್ ಇರುವ ಸಂಭವ ಜಾಸ್ತಿ.

ಕೆಟ್ಟಾಗ ಎಲ್ಲಿಂದ ನೋಡಬೇಕು

ಒಳಗಿನಿಂದ ಹೊರಗೆ ಬನ್ನಿ. ಸರ್ವಿಸ್ ಓಡುತ್ತಿದೆಯೇ? ಕರ್ಲ್‌ಗೆ 8000ದಲ್ಲಿ ಉತ್ತರ ಬರುತ್ತದೆಯೇ? ಆಮೇಲೆ ಎಂಜಿನ್‌ಎಕ್ಸ್‌ನ ಎರರ್ ಲಾಗ್, ಅದು ವಾರ್ ಫೋಲ್ಡರಿನ ಲಾಗ್ ಒಳಗಿದೆ. 502 ಬಂದು ಲಾಗ್‌ನಲ್ಲಿ 111, ಕನೆಕ್ಷನ್ ರೆಫ್ಯೂಸ್ಡ್ ಎಂದಿದ್ದರೆ ಒಳಗೆ ಆ್ಯಪ್ಪೇ ಎದ್ದಿಲ್ಲ, ಇಲ್ಲವೇ ಪೋರ್ಟ್ ನಂಬರ್ ತಪ್ಪು. ಪುಟ ಬಂದು ಬಣ್ಣ, ಚಿತ್ರ ಮಾತ್ರ ಇಲ್ಲ, 403 ಎನ್ನುತ್ತಿದೆ ಎಂದರೆ ಸ್ಟ್ಯಾಟಿಕ್ ಫೈಲುಗಳನ್ನು (ಆ್ಯಪ್ ಮುಟ್ಟದೆ ಎಂಜಿನ್‌ಎಕ್ಸೇ ನೇರ ಕೊಡುವ ಬಣ್ಣ, ಚಿತ್ರಗಳ ಫೈಲುಗಳು) ನಿಮ್ಮ ಹೋಮ್ ಫೋಲ್ಡರಿನಲ್ಲಿ ಇಟ್ಟಿದ್ದೀರಿ. ಉಬುಂಟು 21.04ರಿಂದ ಈಚೆಗೆ ಆ ಫೋಲ್ಡರ್‌ಗೆ ಬೇರೆಯವರು ಇಣುಕುವಂತಿಲ್ಲ, ಎಂಜಿನ್‌ಎಕ್ಸ್ ಕೂಡ. ಫೈಲುಗಳನ್ನು ವಾರ್ ಒಳಗಿನ ಡಬ್ಲ್ಯೂಡಬ್ಲ್ಯೂಡಬ್ಲ್ಯೂ ಫೋಲ್ಡರ್‌ಗೆ ಸಾಗಿಸಿ.

ಎಂಜಿನ್‌ಎಕ್ಸ್ ಫೈಲ್ ಮತ್ತು ಸರ್ವಿಸ್ ಫೈಲ್ ಎರಡನ್ನೂ ಆ್ಯಪ್‌ನ ಗಿಟ್‌ನಲ್ಲೇ ಇಟ್ಟುಕೊಳ್ಳಿ. ನಾನು ಮೊದಲ ಸಲ ಸರ್ವರ್ ಬದಲಿಸಿದಾಗ ಅವು ಗಿಟ್‌ನಲ್ಲಿ ಇರಲಿಲ್ಲ, ನೆನಪಿನಿಂದಲೇ ಬರೆದೆ, ಒಂದು ಸಾಲು ಬಿಟ್ಟುಹೋಯಿತು. ಯಾವ ಸಾಲು ಅಂತ ಗೊತ್ತಾದದ್ದು ಭಾವನ ಫೋನ್ ಬಂದಾಗ. ಪುಟ ತಿರುಗುತ್ತಲೇ ಇದೆಯಂತೆ, ತೆರೆಯುತ್ತಲೇ ಇಲ್ಲವಂತೆ.